ಐದು ಜನ, ಐದು ನಾಲಿಗೆ, ಒಂದೇ ಅಂಕ ಯಾಕೆ?

ಪ್ರಶ್ನೆ: ನಾವು ಮೈಸೂರಿನ ಐವರು ಗೆಳೆಯರು. ಒಂದೂವರೆ ವರ್ಷದಿಂದ ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ, ಒಂದೊಂದು ಹೋಟೆಲಿಗೆ ಹೋಗಿ ತಿಂದು, ಅದರ ಬಗ್ಗೆ ಬರೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೇವೆ. ಐವರ ಅಂಕ ಕೂಡಿಸಿ ಐದರಿಂದ ಭಾಗಿಸುತ್ತೇವೆ. ಓದುವವರು ‘ನಿಮಗೆ ಎಲ್ಲ ಹೋಟೆಲೂ ಏಳೂವರೆ’ ಎಂದು ನಗುತ್ತಾರೆ. ಒಂದು ಕಡೆ ಮಾಲೀಕರು ಗುರುತು ಹಿಡಿದು ದುಡ್ಡೇ ತೆಗೆದುಕೊಳ್ಳಲಿಲ್ಲ. ಇನ್ನೊಂದು ಕಡೆ, ‘ಸಾಂಬಾರ್ ಹಳಸಿತ್ತು, ಅಡುಗೆಮನೆ ಗಲೀಜು’ ಎಂದು ಬರೆದಿದ್ದಕ್ಕೆ ಕೇಸು ಹಾಕುತ್ತೇನೆ ಅನ್ನುತ್ತಿದ್ದಾರೆ. ನಮ್ಮೊಳಗೂ ಜಗಳ ಹೆಚ್ಚಾಗಿದೆ, ಬಿಲ್ಲಿನದೂ ಸೇರಿ. ಮುಂದುವರಿಸುವುದು ಹೇಗೆ? ಅಥವಾ ನಿಲ್ಲಿಸಿಬಿಡುವುದು ಒಳ್ಳೆಯದೇ?

ಉತ್ತರ: ನಿಲ್ಲಿಸಬೇಡಿ. ಭಾಗಾಕಾರವನ್ನು ಮಾತ್ರ ನಿಲ್ಲಿಸಿ.

ನೀವು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. 34 ಹೋಟೆಲು, ಅದರಲ್ಲಿ 29ಕ್ಕೆ ಏಳರಿಂದ ಎಂಟರ ಒಳಗೆ ಅಂಕ. ನಗುವವರ ತಪ್ಪೇನಿಲ್ಲ. ಆದರೆ ಪಟ್ಟಿಯ ಹಿಂದೆ ನೀವು ಐವರು ಬೇರೆ ಬೇರೆಯಾಗಿ ಕೊಟ್ಟ ಅಂಕವೂ ಇದೆಯಲ್ಲ, ಮಜಾ ಇರುವುದೆಲ್ಲ ಅಲ್ಲಿ. ಒಂದು ಹೋಟೆಲಿನ ಸಾಂಬಾರಿಗೆ ನಿಮ್ಮಲ್ಲೊಬ್ಬರು ಒಂಬತ್ತು ಕೊಟ್ಟಿದ್ದಾರೆ, ಮತ್ತೊಬ್ಬರು ಐದು. ಒಂಬತ್ತು ಕೊಟ್ಟವರು ಕುಂದಾಪುರದ ಕಡೆಯವರು ಎಂದು ನೀವೇ ಬರೆದಿದ್ದೀರಿ. ಕಾಯಿ ರುಬ್ಬಿ, ಬೆಲ್ಲದ ಚೂರು ಹಾಕಿದ ಸಾಂಬಾರ್ ಅವರ ಮನೆಯ ರುಚಿ. ಐದು ಕೊಟ್ಟವರು ಮಂಡ್ಯದವರು, ಅವರ ಪಾಲಿಗೆ ಸಾಂಬಾರಿನಲ್ಲಿ ಸಿಹಿ ಎಂದರೆ ಭಟ್ಟರ ಕೈ ಜಾರಿದ ಹಾಗೆ. ಇಬ್ಬರನ್ನೂ ಕೂಡಿಸಿ ಏಳು ಎಂದು ಬರೆದಾಗ, ಆ ಏಳರ ಸಾಂಬಾರನ್ನು ನಿಮ್ಮ ಮೇಜಿನಲ್ಲಿ ಒಬ್ಬರೂ ತಿಂದಿರಲಿಲ್ಲ. ಅದರ ಬದಲು ‘ಇದು ಕರಾವಳಿ ಕೈಯ ಸಿಹಿ ಸಾಂಬಾರ್, ನಮ್ಮಲ್ಲಿ ಒಬ್ಬರು ಎರಡು ಬಟ್ಟಲು ಹಾಕಿಸಿಕೊಂಡರು, ಒಬ್ಬರು ಇಡ್ಲಿಯನ್ನು ಬರೀ ಚಟ್ನಿಯಲ್ಲಿ ಮುಗಿಸಿದರು’ ಎಂದಿದ್ದರೆ ಓದುವವನಿಗೆ ತಾನು ಯಾವ ಕಡೆಯವನು ಎಂದು ತಕ್ಷಣ ಗೊತ್ತಾಗುತ್ತಿತ್ತು.

ಒಬ್ಬನೇ ಬರೆಯುವವನಿಗೆ ಇಲ್ಲದ ಅನುಕೂಲ ನಿಮಗಿದೆ, ನಿಮ್ಮಲ್ಲಿ ಐದು ನಾಲಿಗೆ ಇವೆ. ಅವನ್ನು ಜಜ್ಜಿ ಒಂದು ಮಾಡುತ್ತಿದ್ದೀರಿ ಅನ್ನುವುದೊಂದೇ ನನ್ನ ತಕರಾರು. ಮುಂದೆ ಹೇಳುವುದೆಲ್ಲ ಇದರ ಬಾಲವೇ.

ನಾನು ಊಟತಿಂಡಿ ಬಗ್ಗೆ ಬರೆಯಲು ಶುರುಮಾಡುವ ಮುಂಚೆ ಹನ್ನೊಂದು ವರ್ಷ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂತವನು. ಗಲ್ಲಾದಲ್ಲಿ ಕೂತವನಿಗೆ ಗಿರಾಕಿಗೆ ಕಾಣದ ಒಂದು ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಬಂದವನೂ ಹತ್ತೂವರೆಗೆ ಬಂದವನೂ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ಹೋಟೆಲುಗಳಲ್ಲಿ ತಿಂದು ಹೋಗಿರುತ್ತಾರೆ. ಹಿಂದಿನ ಸಂಜೆ ರುಬ್ಬಿಟ್ಟ ಹಿಟ್ಟು ರಾತ್ರಿಯೆಲ್ಲ ಹುಳಿ ಬಂದು ಬೆಳಿಗ್ಗೆ ಹದಕ್ಕೆ ಬಂದಿರುತ್ತದೆ. ಡಿಸೆಂಬರ್ ಜನವರಿಯ ಚಳಿಗೆ ಅದು ಉಬ್ಬುವುದೇ ಇಲ್ಲ, ಇಡ್ಲಿ ಸ್ವಲ್ಪ ಗಟ್ಟಿ. ಏಪ್ರಿಲ್‌ನಲ್ಲಿ ಅದೇ ಹಿಟ್ಟು ಹನ್ನೊಂದು ಗಂಟೆಗೆಲ್ಲ ಮೂಗಿಗೆ ಹೊಡೆಯುವಷ್ಟು ಹುಳಿ. ಚಟ್ನಿಯನ್ನು ಒಂದೇ ಸಲ ರುಬ್ಬುವುದಿಲ್ಲ, ಸುತ್ತು ಸುತ್ತಾಗಿ ರುಬ್ಬುತ್ತಾರೆ. ಜನ ನುಗ್ಗಿದಾಗ ಬರುವ ಸುತ್ತಿನಲ್ಲಿ ಕಾಯಿ ಕಡಿಮೆಯಾಗಿ ಹುರಿಗಡಲೆ ಏರುತ್ತದೆ, ಕೈಗೆ ಸಿಕ್ಕಷ್ಟು ನೀರೂ ಬೀಳುತ್ತದೆ. ಸಾಂಬಾರ್ ಒಲೆಯ ಮೇಲೆಯೇ ಕೂತು ಗಟ್ಟಿಯಾಗುತ್ತದೆ, ಬಿಸಿನೀರು ಸುರಿದು ಉಪ್ಪು ಸರಿ ಮಾಡುತ್ತಾರೆ, ಒಗ್ಗರಣೆಯ ಘಮ ಮಾತ್ರ ಮರಳುವುದಿಲ್ಲ. ದೋಸೆಯ ಕಾವಲಿಗೆ ಮೇಲಿಂದ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹೊಯ್ಯುತ್ತಲೇ ಹೋದರೆ ಕಾವು ಇಳಿಯುತ್ತದೆ. ಆಗ ಬರುವುದು ಬಿಳಿಚಿಕೊಂಡ ದೋಸೆ. ಇನ್ನು ಕಾಫಿ. ಮೊದಲ ಡಿಕಾಕ್ಷನ್ ಯಾರ ಅದೃಷ್ಟಕ್ಕೆ, ಎರಡನೆಯದು ಯಾರ ಪಾಲಿಗೆ ಅನ್ನುವುದನ್ನು ನಾನು ಹೇಳಲು ಹೋಗುವುದಿಲ್ಲ, ಮಾವನ ಆತ್ಮಕ್ಕೆ ಬೇಸರವಾದೀತು.

ಈಗ ನಿಮ್ಮ ಪಟ್ಟಿಗೆ ಬನ್ನಿ. 34 ಹೋಟೆಲಿಗೂ ನೀವು ಹೋಗಿರುವುದು ಭಾನುವಾರ ಒಂಬತ್ತೂವರೆಗೆ. ಯಾವ ಹೋಟೆಲಿಗೂ ಅದಕ್ಕಿಂತ ಕಷ್ಟದ ಗಳಿಗೆ ವಾರದಲ್ಲಿ ಇನ್ನೊಂದಿಲ್ಲ. ಪಾರ್ಸೆಲ್‌ನವರು ಒಂದು ಕಡೆ, ಡೆಲಿವರಿ ಹುಡುಗರು ಒಂದು ಕಡೆ, ಬಾಗಿಲಲ್ಲಿ ಮೇಜು ಖಾಲಿಯಾಗುವುದನ್ನೇ ಕಾಯುತ್ತಾ ನಿಂತ ಸಂಸಾರಗಳು ಇನ್ನೊಂದು ಕಡೆ. ಆ ಹೊತ್ತಿನಲ್ಲೂ ಚೆನ್ನಾಗಿ ಮಾಡುವ ಹೋಟೆಲಿಗೆ ದೊಡ್ಡ ಭೇಷ್ ಹೇಳಬೇಕು, ನಿಜ. ಆದರೆ ಅದನ್ನು ಬರೆಯಬೇಕಲ್ಲ! ನಿಮ್ಮ ಬರಹದಲ್ಲಿ ಎಲ್ಲೂ ಗಂಟೆ ಇಲ್ಲ, ವಾರ ಇಲ್ಲ, ತಿಂಗಳೂ ಇಲ್ಲ. ಹೋಟೆಲಿನ ಹೆಸರಿನ ಪಕ್ಕದಲ್ಲೇ ‘ಭಾನುವಾರ, ಬೆಳಿಗ್ಗೆ 9.40, ಜನವರಿ’ ಎಂದು ಹಾಕಿ. ಮಾಲೀಕನಿಗೂ ನ್ಯಾಯ, ಓದುವವನಿಗೂ ಉಪಯೋಗ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಐವರೂ ಒಟ್ಟಿಗೆ ಕೂತು ತಿನ್ನುವುದು ನಿಮ್ಮ ಸ್ನೇಹಕ್ಕೆ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅದಾದ ಮೇಲಿನ ವಾರದಲ್ಲಿ ಒಬ್ಬರು ಆಫೀಸಿಗೆ ಹೋಗುವ ದಾರಿಯಲ್ಲಿ ಮಂಗಳವಾರ ಏಳೂವರೆಗೆ, ಇನ್ನೊಬ್ಬರು ಸಂಜೆ ನಾಲ್ಕರ ಕಾಫಿ ಹೊತ್ತಿಗೆ, ಒಬ್ಬೊಬ್ಬರೇ ಹೋಗಿ ಅದೇ ತಿಂಡಿ ತಿಂದು ಬನ್ನಿ. ಆಮೇಲೆ ಬರೆಯಿರಿ. ಎರಡು ವಾರಕ್ಕೊಂದು ಹೋಟೆಲು ಬೇಡ, ತಿಂಗಳಿಗೊಂದು ಸಾಕು. 34 ಹೋಟೆಲನ್ನು ಒಂದೊಂದು ಸಲ ನೋಡಿದವರಿಗಿಂತ ಹನ್ನೆರಡನ್ನು ಮೂರು ಮೂರು ಸಲ ನೋಡಿದವರ ಮಾತನ್ನು ನಾನು ನಂಬುತ್ತೇನೆ.

ಮೇಜಿನ ಜಗಳಕ್ಕೆ ಒಂದೇ ಮದ್ದು: ಬಾಯಿ ಮುಚ್ಚಿಕೊಂಡು ತಿನ್ನುವುದು. ತಮಾಷೆಗೆ ಹೇಳುತ್ತಿಲ್ಲ. ವರ್ಷಗಳ ಹಿಂದೆ ನಾವು ನಾಲ್ವರು ಒಂದು ಹೋಟೆಲಿನಲ್ಲಿ ಪೊಂಗಲ್ ತಿನ್ನುತ್ತಿದ್ದೆವು. ನಮ್ಮಲ್ಲಿ ಹಿರಿಯರು ಮೊದಲ ತುತ್ತಿಗೇ ‘ತಳ ಹಿಡಿದಿದೆ ಕಣ್ರೋ’ ಅಂದರು. ಅಲ್ಲಿಂದಾಚೆ ನಾಲ್ವರಿಗೂ ಸೀದ ವಾಸನೆ. ನಾಲ್ಕು ಪ್ಲೇಟೂ ಅರ್ಧಕ್ಕೆ ನಿಂತವು. ಹೊರಗೆ ಬಂದಾಗ ನೋಡಿದರೆ ಪಕ್ಕದ ಅಂಗಡಿಯವನು ರದ್ದಿ ಕಾಗದಕ್ಕೆ ಬೆಂಕಿ ಹಾಕಿಕೊಂಡು ಕೂತಿದ್ದ. ಜೋರು ಬಾಯಿಯ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಅವನ ನಾಲಿಗೆಯನ್ನೇ ಎಲ್ಲರೂ ಎರವಲು ತೆಗೆದುಕೊಳ್ಳುತ್ತಾರೆ. ಆದ್ದರಿಂದ ತಿನ್ನುವಾಗ ಕ್ರಿಕೆಟ್ ಮಾತಾಡಿ, ಸೊಸೈಟಿ ಚುನಾವಣೆ ಮಾತಾಡಿ, ತಟ್ಟೆಯಲ್ಲಿರುವುದರ ಬಗ್ಗೆ ಮಾತ್ರ ಬೇಡ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ನಾಲ್ಕೈದು ಸಾಲು ಬರೆದುಕೊಂಡ ಮೇಲೆ ಬಾಯಿ ಬಿಡಿ. ಬರೆದದ್ದನ್ನು ಆಮೇಲೆ ತಿದ್ದುವ ಹಾಗಿಲ್ಲ ಅನ್ನುವ ಕರಾರೂ ಇರಲಿ.

ತಿನ್ನುವ ಕ್ರಮಕ್ಕೂ ಸ್ವಲ್ಪ ಲೆಕ್ಕ ಬೇಕು. ಮೊದಲ ತುತ್ತು ಬರೀ ಇಡ್ಲಿಯೇ ಇರಲಿ, ಚಟ್ನಿ ಸಾಂಬಾರ್ ಬೇಡ. ಉದ್ದು ಎಷ್ಟು, ಹಳೆಯ ಅಕ್ಕಿಯ ವಾಸನೆ ಇದೆಯೇ, ಸೋಡ ಬಿದ್ದಿದೆಯೇ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಸಾಂಬಾರನ್ನು ಬಟ್ಟಲಲ್ಲಿ ಬೇರೆ ಕೇಳಿ, ಮುಳುಗಿಸಿ ತಂದರೆ ಎರಡೂ ಕೆಡುತ್ತವೆ. ಕೇಸರಿಬಾತ್ ತಿಂದ ಬಾಯಲ್ಲಿ ಕಾಫಿ ಕುಡಿದು ‘ಕಾಫಿ ಕಹಿ’ ಎಂದು ಬರೆಯಬೇಡಿ, ನಿಮ್ಮ ಪಟ್ಟಿಯಲ್ಲಿ ಇಂಥದ್ದು ಆರು ಕಡೆ ಸಿಕ್ಕಿತು. ಐವರೂ ಐದು ಬೇರೆ ಬೇರೆ ತಿಂಡಿ ಹೇಳಿ ಒಂದೊಂದು ಚೂರು ಹಂಚಿಕೊಳ್ಳುವುದು ನಿಮ್ಮ ರೂಢಿ ಎಂದು ತೋರುತ್ತದೆ. ಹಂಚಿಕೊಳ್ಳುವ ಹೊತ್ತಿಗೆ ದೋಸೆ ಆರಿ ತೊಗಲಾಗಿರುತ್ತದೆ. ಆ ಹೋಟೆಲಿಗೆ ಹೆಸರು ತಂದ ತಿಂಡಿಯನ್ನು ಎಲ್ಲರೂ ಒಂದೊಂದು ಪ್ಲೇಟ್ ತಿನ್ನಿ, ಉಳಿದದ್ದನ್ನು ಬೇಕಾದರೆ ಹಂಚಿಕೊಳ್ಳಿ.

ಅಂಕದ ವಿಷಯದಲ್ಲಿ ಇನ್ನೊಂದು ಮಾತು ಬಾಕಿ ಇದೆ. ನಿಮ್ಮೂರಿನ ನಜರ್‌ಬಾದ್‌ನ ಮೈಲಾರಿ ದೋಸೆ ಮೆತ್ತಗೆ, ಮೇಲೆ ಬೆಣ್ಣೆ, ಒಳಗೆ ಸಾಗು, ಬೆರಳಿಗೆ ಸಿಕ್ಕರೆ ಹರಿದುಬರುತ್ತದೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ ದಪ್ಪ, ಕೆಂಪಗೆ, ಹೊರಗೆ ಗರಿಗರಿ. ಗರಿಗರಿಗೆ ಹತ್ತರಲ್ಲಿ ಇಷ್ಟು ಅಂತ ಒಂದು ಕಾಲಂ ಇಟ್ಟುಕೊಂಡಿದ್ದೀರಲ್ಲ, ಆ ಕಾಲಂನಲ್ಲಿ ಮೈಲಾರಿಗೆ ಎಷ್ಟು ಕೊಡುತ್ತೀರಿ? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಚಟ್ನಿಯೊಂದೇ. ಚಟ್ನಿ ಹಾಕಿಸಿಕೊಳ್ಳಲು ಮತ್ತೆ ಮತ್ತೆ ಸಾಲು ನಿಲ್ಲುವವರನ್ನು ನೋಡಿದರೆ ಅಲ್ಲಿ ಸಾಂಬಾರ್ ಕೇಳುವವರು ಯಾರೂ ಇಲ್ಲ ಎಂದು ತಿಳಿಯುತ್ತದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಬೆಂಗಳೂರು ನಿಂತು ತಿನ್ನುವುದನ್ನು ಕಲಿಯಿತು. ಟೋಕನ್ ತೆಗೆದುಕೊಂಡು, ತಾವೇ ಎತ್ತಿಕೊಂಡು, ಹತ್ತು ನಿಮಿಷದಲ್ಲಿ ಮುಗಿಸಿ ಹೋಗುವ ಜಾಗ ಅದು. ದರ್ಶಿನಿಗೆ ಹೋಗಿ ‘ಕೂರಲು ಜಾಗವಿಲ್ಲ, ವಾತಾವರಣ ಆರು’ ಎಂದು ಬರೆದರೆ ಬಸ್ಸಿನಲ್ಲಿ ಮಲಗಲು ಹಾಸಿಗೆ ಇಲ್ಲ ಎಂದ ಹಾಗೆ. ಹುಬ್ಬಳ್ಳಿ ಧಾರವಾಡದ ಖಾನಾವಳಿಗೆ ಹೋದರೆ ಪನೀರ್ ಪದಾರ್ಥ ಇಲ್ಲ ಎಂದು ಕೊರಗಬೇಡಿ, ರೊಟ್ಟಿ ಬಿಸಿಯಾಗಿ ಬಡಿದುಕೊಂಡು ಬರುತ್ತಿದೆಯೇ, ಎಣ್ಣೆಗಾಯಿಯ ಬದನೆ ಒಳಗೂ ಬೆಂದಿದೆಯೇ, ಎರಡನೇ ಸಲ ಪಲ್ಯ ಕೇಳಿದರೆ ಮುಖ ಹೇಗೆ ಮಾಡುತ್ತಾರೆ, ಅದನ್ನು ನೋಡಿ. ಆ ಹೋಟೆಲು ಏನು ಮಾಡಹೊರಟಿದೆ ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆಯಿರಿ, ಆಮೇಲೆ ಅದನ್ನು ಮಾಡಿತೇ ಎಂದು ನೋಡಿ. ಅಂಕ ಕೊಡಲೇಬೇಕು ಎಂದು ಕೈ ತುರಿಸಿದರೆ ತಿಂಡಿಗೆ ಕೊಡಿ, ಹೋಟೆಲಿಗೆ ಬೇಡ.

ದುಡ್ಡು ತೆಗೆದುಕೊಳ್ಳದ ಮಾಲೀಕರ ವಿಷಯ. ಅದು ಕೆಟ್ಟ ಉದ್ದೇಶದ್ದೇ ಆಗಬೇಕಿಲ್ಲ. ನಮ್ಮ ಮಾವನೂ ಪೋಸ್ಟ್‌ಮ್ಯಾನ್‌ಗೆ, ಸ್ಕೂಲ್ ಮೇಷ್ಟರಿಗೆ ಕಾಫಿ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ನೀವು ಅವರ ಬಗ್ಗೆ ಬರೆಯುವವರು. ಗಲ್ಲಾದ ಮೇಲೆ ದುಡ್ಡು ಇಟ್ಟು, ‘ಬೇಡ ಅಂದರೆ ನಾವು ಬರೆಯೋ ಹಾಗಿಲ್ಲ, ಸ್ವಾಮಿ’ ಎಂದು ನಗುತ್ತಾ ಹೇಳಿ. ಅಷ್ಟಾದ ಮೇಲೂ ಒಪ್ಪದಿದ್ದರೆ ‘ಇಲ್ಲಿ ನಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ’ ಎಂದು ಮೊದಲ ಸಾಲಿನಲ್ಲೇ ಹಾಕಿ, ಅಥವಾ ಬರೆಯುವುದನ್ನೇ ಬಿಡಿ. ಆನ್‌ಲೈನ್ ವಿಮರ್ಶೆಗಳ ಪ್ರಾಮಾಣಿಕತೆಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಅದು ಹೇಳುವುದು ವಿಮರ್ಶೆ ಪ್ರಕಟಿಸುವ ಸಂಸ್ಥೆಗಳಿಗೆ, ನಿಮ್ಮಂಥ ಐವರ ಗುಂಪಿಗಲ್ಲ. ಆದರೂ ಕೊಂಡು ಬರೆಸಿದ್ದನ್ನು ಓದುವವರು ಎಷ್ಟು ಅನುಭವಿಸಿದ್ದರೆ ಸರ್ಕಾರ ಮಾನದಂಡ ಮಾಡಬೇಕಾಯಿತು ಎಂದು ಯೋಚಿಸಿ.

ದುಡ್ಡಿಗಿಂತ ದೊಡ್ಡ ತೊಂದರೆ ಗುರುತು ಸಿಕ್ಕಿದ್ದು. ಮೈಸೂರಿನಂಥ ಊರಿನಲ್ಲಿ 34 ಹೋಟೆಲು ಆದ ಮೇಲೆ ಗುರುತು ಸಿಗದೆ ಇರುವುದಿಲ್ಲ. ಇನ್ನು ಮೇಲೆ ನಿಮಗೆ ಬರುವ ದೋಸೆಗೆ ಭಟ್ಟರು ಒಂದು ಸುತ್ತು ತುಪ್ಪ ಜಾಸ್ತಿಯೇ ಹಾಕುತ್ತಾರೆ. ಆದ್ದರಿಂದ ನಿಮ್ಮ ತಟ್ಟೆಯಷ್ಟೇ ಗಮನವನ್ನು ಪಕ್ಕದ ಮೇಜಿನ ತಟ್ಟೆಗೂ ಕೊಡಿ, ಫೋಟೋಗಳಲ್ಲಿ ಮುಖ ಹಾಕುವುದನ್ನು ಬಿಡಿ, ಮಂಗಳವಾರದ ಒಂಟಿ ಭೇಟಿಗೆ ಹೆಚ್ಚು ಗುರುತು ಸಿಗದವರನ್ನು ಕಳಿಸಿ.

ಇನ್ನು ಕೇಸು ಹಾಕುತ್ತೇನೆ ಎಂದವರು. ನೀವು ಬರೆದ ಎರಡು ವಾಕ್ಯಗಳನ್ನು ಬಿಡಿಸಿ ನೋಡೋಣ. ‘ಅಡುಗೆಮನೆ ಗಲೀಜು’ ಎಂದಿದ್ದೀರಿ. ಒಳಗೆ ಹೋಗಿ ನೋಡಿದಿರಾ ಎಂದು ನಾನು ಕೇಳಿದಾಗ, ಬಾಗಿಲು ಮುಚ್ಚಿತ್ತು, ಕೈತೊಳೆಯುವ ಜಾಗ ನೋಡಿ ಅಂದಾಜು ಮಾಡಿದೆವು ಎಂದಿರಿ. ಹಾಗಾದರೆ ಆ ವಾಕ್ಯ ಇವತ್ತೇ ತೆಗೆಯಿರಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ, 2024ರ ಜುಲೈ 1ರಿಂದ. ಮೊದಲು ಅದು ದಂಡ ಸಂಹಿತೆಯ 499, 500 ಆಗಿತ್ತು. ಸಾರ್ವಜನಿಕರ ಒಳಿತಿಗಾಗಿ ಹೇಳಿದ ಸತ್ಯಕ್ಕೂ, ಒಳ್ಳೆಯ ಮನಸ್ಸಿನಿಂದ ಹೇಳಿದ ಅಭಿಪ್ರಾಯಕ್ಕೂ ಅದರಲ್ಲಿ ರಕ್ಷಣೆ ಇದೆ. ನೋಡದೆ ಇದ್ದದ್ದನ್ನು ನೋಡಿದ ಹಾಗೆ ಬರೆದರೆ ಆ ರಕ್ಷಣೆ ನಿಮ್ಮ ಪಾಲಿಗೆ ಉಳಿಯುವುದು ಕಷ್ಟ. ನೋಡಿದ್ದು ಕೈತೊಳೆಯುವ ಜಾಗವಾದರೆ ‘ಸಿಂಕಿನಲ್ಲಿ ಸೋಪು ಇರಲಿಲ್ಲ, ಮೇಜು ಒರೆಸಿದ ಬಟ್ಟೆ ವಾಸನೆ ಬರುತ್ತಿತ್ತು’ ಎಂದೇ ಬರೆಯಿರಿ. ಓದುವವರು ದಡ್ಡರಲ್ಲ, ಉಳಿದದ್ದನ್ನು ಅವರೇ ಊಹಿಸುತ್ತಾರೆ.

‘ಸಾಂಬಾರ್ ಹಳಸಿತ್ತು’ ಅನ್ನುವುದು ಇನ್ನೂ ಸೂಕ್ಷ್ಮ. ಹಳಸಿದ್ದಕ್ಕೂ ಹುಣಸೆ ಜಾಸ್ತಿ ಆಗಿದ್ದಕ್ಕೂ ಹುಳಿಯಲ್ಲಿ ವ್ಯತ್ಯಾಸವಿದೆ. ಹಳಸಿದ ಬೇಳೆಗೆ ಒಂದು ಕಮಟು ವಾಸನೆ, ಮೇಲೆ ಸಣ್ಣ ನೊರೆ, ಚಮಚ ಎತ್ತಿದರೆ ಎಳೆ. ಹುಣಸೆ ಏರಿದ್ದರೆ ಬರೀ ಹಲ್ಲು ಜುಮ್ಮೆನ್ನುತ್ತದೆ. ನಿಮ್ಮ ಐವರಲ್ಲಿ ಮೂವರು ಅದನ್ನು ಪೂರ್ತಿ ತಿಂದಿದ್ದೀರಿ, ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ನನಗೇನೋ ಹುಣಸೆಯ ಮೇಲೇ ಅನುಮಾನ. ‘ನಮಗೆ ವಿಪರೀತ ಹುಳಿ ಅನ್ನಿಸಿತು’ ಎಂದರೆ ಅದು ನಿಮ್ಮ ನಾಲಿಗೆಯ ಮಾತು, ಅದನ್ನು ಯಾರೂ ಅಲ್ಲಗಳೆಯಲಾರರು. ಎಣ್ಣೆಯದೂ ಹೀಗೇ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳು) ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಇದೆ. ಆದರೆ ಅದನ್ನು ಅಳೆಯಲು ಮೀಟರ್ ಬೇಕು, ಕಣ್ಣಳತೆಯಲ್ಲಿ ಆಗುವುದಿಲ್ಲ. ‘ಹಳೇ ಎಣ್ಣೆ ಬಳಸುತ್ತಾರೆ’ ಬೇಡ, ‘ಪೂರಿ ತಿಂದ ಮೇಲೆ ಗಂಟಲಲ್ಲಿ ಜಿಡ್ಡು ನಿಂತಿತು’ ಸಾಕು.

ನಿಜಕ್ಕೂ ಹಳಸಿದ್ದೇ ಸಿಕ್ಕರೆ, ಗೋಬಿ ಮಂಚೂರಿ ಕಣ್ಣು ಕುಕ್ಕುವ ಕೆಂಪಿದ್ದರೆ (2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣವನ್ನೇ ನಿಷೇಧಿಸಿದೆ), ಅದು ವಿಮರ್ಶೆ ಬರೆದು ಮುಗಿಸುವ ವಿಷಯವಲ್ಲ. ಮೊದಲು ಸಪ್ಲೈಯರ್‌ಗೆ, ಆಮೇಲೆ ಗಲ್ಲಾದಲ್ಲಿ ಕೂತವರಿಗೆ ಹೇಳಿ. ಸರಿ ಮಾಡದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ದೂರಿಗೆ ಆ ಸಂಖ್ಯೆಯೇ ಆಧಾರ, ಬಿಲ್ಲು ಬಿಸಾಡಬೇಡಿ.

ಅಡುಗೆಮನೆ ನೋಡಬೇಕು ಅನ್ನಿಸಿದರೆ ಕೇಳಿ ನೋಡಿ. ತೋರಿಸುವವರು ತೋರಿಸುತ್ತಾರೆ, ಅದು ನಮ್ಮಲ್ಲಿ ಹೊಸದೇನಲ್ಲ. 1924ರಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು ಪಾತ್ರೆ, ಲೋಟ ಶುಚಿ ಮಾಡುವ ರೀತಿಯನ್ನೇ ಬದಲಿಸಿದರು. ಗಿರಾಕಿಗಳು ಅಡುಗೆಮನೆಯ ಮೂಲಕವೇ ಹಾದುಹೋಗಿ ಊಟಕ್ಕೆ ಕೂರುತ್ತಿದ್ದ ಕಾಲವೂ ಅಲ್ಲಿತ್ತು. ಕೇಳಿದ್ದಕ್ಕೆ ರೇಗಿದರೆ ‘ಕೇಳಿದೆವು, ಬೇಡ ಅಂದರು’ ಎಂದು ಬರೆಯಬಹುದು, ಅದಕ್ಕೆ ಯಾವ ಕಲಮೂ ಅಡ್ಡ ಬರುವುದಿಲ್ಲ.

ಒಂದು ಬೇಡಿಕೆ ನನ್ನದು. ಕ್ಲೀನರ್ ಹುಡುಗನ, ಸಪ್ಲೈಯರ್‌ನ ಫೋಟೋ ಹಾಕಿ ‘ಇವನು ಒರಟ’ ಎಂದು ಬರೆಯುವುದು ಬೇಡ. ನಿಮ್ಮ ಪಟ್ಟಿಯಲ್ಲಿ ಎರಡು ಕಡೆ ಹಾಗಿದೆ. ಬೆಳಗಿನ ಐದಕ್ಕೆ ಎದ್ದು ಭಾನುವಾರ ಹತ್ತಕ್ಕೆ ನಿಮ್ಮ ಮೇಜಿಗೆ ಬಂದವನು ಅವನು. ಆ ಬರಹದಿಂದ ಮಾಲೀಕನಿಗೆ ಏನೂ ಆಗುವುದಿಲ್ಲ, ಆ ಹುಡುಗನ ಕೆಲಸ ಹೋಗುತ್ತದೆ. ಗಲ್ಲಾದಲ್ಲಿ ಕೂತಿದ್ದಾಗ ಹಾಗೆ ಹೋದ ಒಬ್ಬನ ಸಂಬಳದ ಲೆಕ್ಕ ಮುಗಿಸಿಕೊಟ್ಟವನು ನಾನೇ.

ಬಿಲ್ಲಿನ ಜಗಳ ಸುಲಭದ್ದು. ತಿಂಗಳ ಮೊದಲಿಗೆ ಐವರೂ ಸಮನಾಗಿ ಒಂದು ಮೊತ್ತ ಒಂದು ಕಡೆ ಹಾಕಿಡಿ, ಬರೆಯಲು ತಿಂದದ್ದೆಲ್ಲ ಅದರಿಂದ. ಅದರ ಮೇಲೆ ಇನ್ನೊಂದು ದೋಸೆ ಬೇಕೆಂದವರು ಅವರವರ ಜೇಬಿನಿಂದ ಕೊಡಲಿ. ಬಿಲ್ಲನ್ನು ಓದುವ ಅಭ್ಯಾಸವೂ ಬರಲಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದು ಕಾಂಪೊಸಿಷನ್ ಪದ್ಧತಿಯಲ್ಲಿರುವ (ಸಣ್ಣ ವ್ಯಾಪಾರಿಗಳಿಗೆಂದು ಇರುವ ಸರಳ ತೆರಿಗೆ ಕ್ರಮ) ಸಣ್ಣ ಹೋಟೆಲು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ, ಅದನ್ನು ಬಿಲ್ಲಿನಲ್ಲೇ ನಮೂದಿಸಿರಬೇಕು. ಸೇವಾ ಶುಲ್ಕ ಎಂದು ತಾವಾಗಿ ಸೇರಿಸಿದ್ದರೆ ತೆಗೆಸಿ. 2022ರ ಜುಲೈನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಅದನ್ನು ಬೇಡ ಎಂದಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಪ್ಪದವರಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇವೆ ಎಂದರೆ ಸಾಮಾನ್ಯವಾಗಿ ಬಿಲ್ಲು ಬದಲಾಗಿ ಬರುತ್ತದೆ.

ಆ ಸಾಂಬಾರ್ ಹೋಟೆಲಿನ ವಿಷಯದಲ್ಲಿ ಹೀಗೆ ಮಾಡಿ. ಅಡುಗೆಮನೆಯ ವಾಕ್ಯ ತೆಗೆದಿದ್ದೇವೆ, ಅದನ್ನು ನಾವು ನೋಡಿರಲಿಲ್ಲ ಎಂದು ಅಲ್ಲೇ ಒಂದು ಸಾಲು ಹಾಕಿ, ಮಾಲೀಕರಿಗೂ ತಿಳಿಸಿ. ಹಳಸಿತ್ತು ಎಂದಲ್ಲಿ ಹುಳಿ ಎಂದು ಮಾಡಿ. ಒಬ್ಬರು, ಆ ಕುಂದಾಪುರದವರಲ್ಲ, ಮಂಡ್ಯದವರು, ಬರುವ ಮಂಗಳವಾರ ಏಳೂವರೆಗೆ ಹೋಗಿ ಒಂದು ಪ್ಲೇಟ್ ಇಡ್ಲಿ ಹೇಳಲಿ, ಸಾಂಬಾರ್ ಬಟ್ಟಲಲ್ಲಿ ಬೇರೆ. ಹೇಗಿತ್ತು ಎಂದು ನನಗೂ ಬರೆಯಿರಿ.